ಕಾರು ಮಾರಿದೆ, ಮನೆಯನ್ನೂ ಬದಲಿಸಿದೆ

ಬೆಂಗಳೂರಲ್ಲಿ ಕಾರು ಮಾತ್ರ ಮಾರಿದರೆ ದುಡ್ಡು ಉಳಿಯುವುದಿಲ್ಲ. ಜೊತೆಗೆ ಮನೆಯೂ ಬದಲಾಗಬೇಕು. ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. "ರಾತ್ರಿ ಮಗುವಿಗೆ ಜ್ವರ ಬಂದ್ರೆ ಏನ್ಮಾಡ್ತೀರಿ ಅಳಿಯಂದ್ರೇ?" ಅಂತ ಮಾವ ಕೇಳಿದ್ದರು. ಎರಡು ವರ್ಷ ಆಗುತ್ತಾ ಬಂತು, ಈಗ ಲೆಕ್ಕ ಕೇಳಲಿ.

ಮೊದಲು ಹೊರಮಾವಿನಲ್ಲಿದ್ದೆವು. ಪಾರ್ಕಿಂಗ್ ಸೇರಿ ಬಾಡಿಗೆ 21 ಸಾವಿರ. ನನ್ನ ಆಫೀಸು ವೈಟ್‌ಫೀಲ್ಡ್ ಕಡೆಯ ಐಟಿಪಿಎಲ್ ಟೆಕ್ ಪಾರ್ಕ್ ಹತ್ತಿರ, ಹೆಂಡತಿಯದು ಮಾಗಡಿ ರಸ್ತೆ. ಕಾರಿನಲ್ಲಿ ಬೈಯಪ್ಪನಹಳ್ಳಿಗೆ ಹೋಗಿ ಮೆಟ್ರೋ ಹಿಡಿದು ನೋಡಿದೆವು. ಪೆಟ್ರೋಲೂ ಹೋಯಿತು, ಟಿಕೆಟ್ಟಿಗೂ ಹೋಯಿತು. ಒಂದು ತಿಂಗಳು ಕಾರು ಮುಟ್ಟದೆ ಬರೀ ಕ್ಯಾಬು, ಆಟೋ. 14 ಸಾವಿರದ ಹತ್ತಿರ ಬಂತು! ಮಳೆ ಬಂದ ದಿನ ಆಪ್ ತೋರಿಸುವ ರೇಟು ಗೊತ್ತಲ್ಲ. ಮಡಚುವ ಸೈಕಲ್ಲೂ ತಂದೆ. ಮೆಟ್ರೋ ಒಳಗೆ ಬಿಡುತ್ತಾರೆ, ಸೊಂಟ ಬಿಡಲಿಲ್ಲ. ಬಂದ ರೇಟಿಗೆ ಮಾರಿದೆ.

2023ರ ಅಕ್ಟೋಬರ್‌ನಲ್ಲಿ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಶುರುವಾಗಿತ್ತು. ಹಾಗಾಗಿ ಆಮೇಲೆ ಅದೇ ಮಾರ್ಗದ ವಿಜಯನಗರದಲ್ಲಿ ಮನೆ ಹುಡುಕಿದೆ. ಬಾಡಿಗೆ 28 ಹೇಳಿದ್ದರು, 25ಕ್ಕೆ ಇಳಿಸಿದೆ. ಕಾರು ನುಗ್ಗದ ಗಲ್ಲಿಯ ಮನೆಗಳನ್ನು ಕಾರಿರುವವರು ನೋಡುವುದೇ ಇಲ್ಲ, ಚೌಕಾಸಿ ಮಾಡಬೇಕಾದ್ದು ಅಲ್ಲೇ. ಓನರ್ ಹತ್ತಿರ ಏನು ಹೇಳಿ ಇಳಿಸಿದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ, ಇನ್ನೊಮ್ಮೆ ಬೇಕಾಗಬಹುದು.

"ಇಎಂಐ ಮುಗಿದ ಮೇಲೆ ಕಾರು ಪುಕ್ಕಟೆ ಅಲ್ವಾ?" ಅಂತಾರೆ. ಎಲ್ಲಾ ಸೇರಿ ಒಂಬತ್ತೂವರೆ ಲಕ್ಷ ಕೊಟ್ಟ ಕಾರು, ಐದು ವರ್ಷಕ್ಕೆ ಐದು ಲಕ್ಷಕ್ಕೆ ಹೋಯಿತು. ಲಕ್ಷದ ಮೇಲೆ ಕಟ್ಟಿದ ಲೈಫ್ ಟ್ಯಾಕ್ಸನ್ನು ಕೊಳ್ಳುವವನು ಕಣ್ಣೆತ್ತಿಯೂ ನೋಡಲಿಲ್ಲ. ಅಂದರೆ ಸುಮ್ನೆ ನಿಂತಿದ್ದರೂ ತಿಂಗಳಿಗೆ ಏಳೂವರೆ ಸಾವಿರ ಕರಗುತ್ತಿತ್ತು. ಪೆಟ್ರೋಲು ಏಳು, ಇನ್ಶೂರೆನ್ಸ್, ಸರ್ವಿಸ್, ಟೈರು ಮೂರೂವರೆ. ಬಾಡಿಗೆ ಸೇರಿದರೆ 39 ಸಾವಿರ. ಈಗ ಬಾಡಿಗೆ, ಇಬ್ಬರ ಮೆಟ್ರೋ, ಆಗಾಗ ಆಟೋ ಎಲ್ಲಾ ಸೇರಿ 32–33. 2025ರ ಫೆಬ್ರವರಿಯಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90ಕ್ಕೆ ಏರಿದಾಗ ಮಾವನಿಗೆ ಖುಷಿಯೋ ಖುಷಿ. ಆದರೂ ನಾನೇ ಮುಂದಿದ್ದೇನೆ.

ಜ್ವರ ಒಮ್ಮೆ ಬಂದಿತ್ತು. ಆಸ್ಪತ್ರೆ ಎರಡು ಬೀದಿ ಆಚೆ, ನಡೆದೇ ಹೋದೆವು. ಊರು ತಿಪಟೂರಿಗೆ ರೈಲಿದೆ. ಮದುವೆ ಸೀಸನ್‌ನಲ್ಲಿ ಮಾತ್ರ ಬಾಡಿಗೆ ಕಾರು, ಅದು ಜಾಸ್ತಿಯೇ ಆಗುತ್ತದೆ.

ಮಾರುವವರು ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಬೆನ್ನು ಹತ್ತಿ. ಅಲ್ಲಿಯವರೆಗೆ ಚಲನ್ ನಿಮ್ಮ ಹೆಸರಿಗೇ ಬರುತ್ತದೆ. ಫಾಸ್ಟ್ಯಾಗನ್ನೂ ಅವತ್ತೇ ಕ್ಲೋಸ್ ಮಾಡಿಸಿ.