ಟೈಮಿಂಗ್ ಬೆಲ್ಟ್: ದೊಡ್ಡ ಎಸ್ಟಿಮೇಟಿಗೆ ಒಪ್ಪುವ ಮುನ್ನ

ಪಿಸ್ಟನ್‌ಗಳ ಚಲನೆಗೆ ಹೊಂದುವಂತೆ ಎಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ರಬ್ಬರ್ ಪಟ್ಟಿಯನ್ನು, ಅಂದರೆ ಟೈಮಿಂಗ್ ಬೆಲ್ಟನ್ನು, ಬದಲಿಸಬೇಕೆಂದು ಸರ್ವಿಸ್ ಸೆಂಟರಿನವರು ಹೇಳಿದಾಗ, ಮೊದಲು ನಿಮ್ಮ ಎಂಜಿನ್ನಿನಲ್ಲಿರುವುದು ಬೆಲ್ಟೋ ಚೈನೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಚೈನ್ ಇದೆ. ರೆನೋ ಡಸ್ಟರ್‌ನ 1.5 ಲೀಟರ್ ಡೀಸೆಲ್‌ನಲ್ಲಿ ಬೆಲ್ಟ್ ಇದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಿರುಗಿಸುವ ಹೊರಗಿನ ಬೆಲ್ಟ್ ಬೇರೆಯದೇ, ಅದರ ಖರ್ಚೂ ಕಡಿಮೆ.

ಬದಲಾವಣೆಯ ಅವಧಿಯನ್ನು ಮ್ಯಾನ್ಯುಯಲ್‌ನಲ್ಲಿ ಕಿಲೋಮೀಟರ್ ಮತ್ತು ವರ್ಷ ಎರಡರಲ್ಲೂ ಕೊಟ್ಟಿದ್ದರೆ, ಯಾವುದು ಮೊದಲು ಮುಗಿಯುತ್ತದೆಯೋ ಅದನ್ನೇ ಗಡುವೆಂದು ತಿಳಿಯಬೇಕು. ಕಾರು ಹೆಚ್ಚು ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಸೆಕೆಂಡ್‌ಹ್ಯಾಂಡ್ ಕಾರಿಗೆ ಹಳೆಯ ಬಿಲ್ ಸಿಗದಿದ್ದರೆ ಗಡುವು ಮೀರಿದೆ ಎಂದೇ ಎಣಿಸುವುದು ಕ್ಷೇಮ. ಮೇಲ್ನೋಟಕ್ಕೆ ಚೆನ್ನಾಗಿ ಕಾಣುವ ಬೆಲ್ಟ್ ಕೂಡ ಮುನ್ಸೂಚನೆಯಿಲ್ಲದೆ ತುಂಡಾಗಬಹುದು. ಆಗ ವಾಲ್ವ್‌ಗಳನ್ನು ಒತ್ತಿ ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ನಿಂತು, ಎಂಜಿನ್ನಿನ ವಿನ್ಯಾಸ ಅಂಥದ್ದಾಗಿದ್ದರೆ, ತೆರೆದೇ ಉಳಿದ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಅವು ಬಾಗುತ್ತವೆ. ಸಿಲಿಂಡರ್ ಹೆಡ್ ಬಿಚ್ಚಿಸುವ ಆ ಖರ್ಚಿನ ಮುಂದೆ ಈಗಿನ ಎಸ್ಟಿಮೇಟ್ ಏನೂ ಅಲ್ಲ.

ಹಾಗೆಂದು ಹೇಳಿದಷ್ಟು ಕೊಡಬೇಕಾಗಿಲ್ಲ. ಬಿಡಿಭಾಗ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ಬರೆಸಿಕೊಂಡು, ಇನ್ನೊಂದು ಗ್ಯಾರೇಜಿನಲ್ಲೂ ವಿಚಾರಿಸಿ. ಕ್ಯಾಮ್‌ಶಾಫ್ಟ್ ಅಲುಗದಂತೆ ಹಿಡಿಯುವ ಲಾಕಿಂಗ್ ಟೂಲ್ ಬೇಕಾದ ಎಂಜಿನ್‌ಗಳಿಗೆ ಅದು ತಮ್ಮಲ್ಲಿದೆಯೇ ಎಂದು ಕೇಳಿ; ‘ಗುರುತು ಹಾಕಿಕೊಂಡು ಮಾಡ್ತೀವಿ ಸಾರ್’ ಎಂಬ ಉತ್ತರ ಬಂದರೆ ಬೇರೆಡೆ ನೋಡುವುದು ಲೇಸು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದನ್ನು ಸರಿದಾರಿಯಲ್ಲಿಡುವ ಐಡ್ಲರ್ ರಾಟೆ, ಇದೇ ಬೆಲ್ಟಿನಿಂದ ಓಡುವುದಾದರೆ ವಾಟರ್ ಪಂಪ್, ಇವುಗಳಲ್ಲಿ ಉಳಿತಾಯ ಬೇಡ, ಏಕೆಂದರೆ ಮುಂದೆ ಅವು ಕೆಟ್ಟರೆ ಅದೇ ಕೂಲಿಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನೂ ಆಗಲೇ ಬದಲಿಸಿ, ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಓಡೋಮೀಟರ್ ಅಂಕಿಯನ್ನು ಬರೆಸಿ.