ಕತ್ತಾಳೆ ಕಿತ್ತ ಜಾಗದಲ್ಲಿ ಹೊಸ ಪಾತಿ

ಕುಶಾಲನಗರದ ನಮ್ಮ ಮನೆ ಗೇಟಿನ ಪಕ್ಕ ಅತ್ತೆ ನೆಟ್ಟಿದ್ದ ಕತ್ತಾಳೆ ಆಳೆತ್ತರ ಬೆಳೆದು, ಬಂದವರ ಸೀರೆ ಹಿಡಿದು ಎಳೆಯುತ್ತಿತ್ತು. ಮಾರ್ಚ್‌ನಲ್ಲಿ ಕಿತ್ತೆ.

ಮೊದಲು ಎಲೆ ತುದಿಯ ಮುಳ್ಳು ಕತ್ತರಿಸಿ. ಆಮೇಲೆ ಕೆಳಗಿನಿಂದ ಒಂದೊಂದೇ ಎಲೆಯ ಬುಡಕ್ಕೆ ಕತ್ತಿ ಹಾಕಿ. ತುಂಬುತೋಳಿನ ಅಂಗಿ, ದಪ್ಪ ಗ್ಲೌಸ್, ಕನ್ನಡಕ ಬೇಕೇ ಬೇಕು. ಇದರ ರಸ ತಾಗಿದರೆ ವಿಪರೀತ ತುರಿಕೆ. ಐದು ನಿಮಿಷದ ಕೆಲಸ ಅಲ್ವಾ ಅಂತ ಬರಿಗೈಯಲ್ಲಿ ಹೋದ ನಾನು ಎರಡು ದಿನ ಕೆರೆದುಕೊಂಡೆ. ಉಳಿದ ಬುಡವನ್ನು ಸುತ್ತ ಅಗೆದು ಹಾರೆಯಿಂದ ಮೀಟಿ. ಪಕ್ಕದ ಮರಿಗಳನ್ನು ಬೇರುಸಮೇತ ತೆಗೆಯಿರಿ, ಇಲ್ಲದಿದ್ದರೆ ಮತ್ತೆ ಚಿಗುರುತ್ತವೆ.

ಆ ಜಾಗದಲ್ಲಿ ಲೋಳೆಸರದ ಪಾತಿ ಮಾಡಿದೆ. ಮಡಿಕೇರಿಯಷ್ಟು ಮಳೆ ಇಲ್ಲಿಲ್ಲ. ಆದರೂ ಜುಲೈನಲ್ಲಿ ಬುಡದಲ್ಲಿ ನೀರು ನಿಂತರೆ ಲೋಳೆಸರ ಕೊಳೆಯುತ್ತದೆ. ಹಾಗಾಗಿ ಪಾತಿಯನ್ನು ಒಂದು ಗೇಣು ಎತ್ತರಿಸಿ, ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿದೆ. ಗೊಬ್ಬರ ಜಾಸ್ತಿ ಬೇಡ. ಒಂದೂವರೆ ಅಡಿಗೊಂದು ಲೋಳೆಸರ, ಮುಂದೆ ನಿತ್ಯಪುಷ್ಪ, ಅಂಚಿಗೆ ಟೇಬಲ್ ರೋಸ್. ಬೇರು ಹಿಡಿಯುವ ತನಕ ವಾರಕ್ಕೆರಡು ಸಲ ನೀರು, ಆಮೇಲೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ.

ಕತ್ತಾಳೆಯ ಒಂದು ಮರಿಯನ್ನು ಕುಂಡದಲ್ಲಿ ಇಟ್ಟಿದ್ದೇನೆ. ಅತ್ತೆಗೆ ಬೇಜಾರಾಗಬಾರದಲ್ಲ.