ಮೈಲಿ ಬಿಡಿ, ನಿಮಿಷ ನೋಡಿ

ವಾರಾಂತ್ಯದಲ್ಲಿ ನಾನು ಬಾಡಿಗೆಗೆ ಹಿಡಿದು ಹಾರಿಸುವುದು ಸೆಸ್ನಾ 172, ನಾಲ್ಕು ಸೀಟಿನ ಪುಟ್ಟ ವಿಮಾನ. ಕ್ಯಾಲಿಫೋರ್ನಿಯಾದಲ್ಲಿ ನಾನು ಹೋಗಿ ಇಳಿಯುವ ಸಣ್ಣ ಊರುಗಳ ನಿಲ್ದಾಣಗಳಲ್ಲಿ ಹೆಚ್ಚಿನವಕ್ಕೆ ಟವರ್, ಅಂದರೆ ಯಾರು ಯಾವಾಗ ಇಳಿಯಬೇಕೆಂದು ಹೇಳುವ ನಿಯಂತ್ರಣ ಗೋಪುರ, ಇಲ್ಲ. ಬೆಂಗಳೂರಿನ ಗೆಳೆಯರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಅಮೆರಿಕದಲ್ಲಿ ಸಾರ್ವಜನಿಕರು ಬಳಸುವ ವಿಮಾನ ನಿಲ್ದಾಣಗಳಲ್ಲಿ ಟವರ್ ಇರುವುದು ಹೆಚ್ಚುಕಡಿಮೆ ಹತ್ತಕ್ಕೆ ಒಂದರಲ್ಲಿ. ಉಳಿದ ಕಡೆ ಪೈಲಟ್‌ಗಳೇ ಒಂದು ರೇಡಿಯೋ ಫ್ರೀಕ್ವೆನ್ಸಿಯಲ್ಲಿ ತಾವು ಎಲ್ಲಿದ್ದೇವೆ, ಏನು ಮಾಡಲಿದ್ದೇವೆ ಎಂದು ಹೇಳಿಕೊಳ್ಳುತ್ತ, ಒಬ್ಬರನ್ನೊಬ್ಬರು ಕಣ್ಣಲ್ಲಿ ಹುಡುಕುತ್ತ ಸರದಿಯಲ್ಲಿ ಇಳಿಯುತ್ತಾರೆ. ಸಿಗ್ನಲ್ ಕೆಟ್ಟುಹೋದ ಸರ್ಕಲ್ ಇದ್ದ ಹಾಗೆ. ಆದರೆ ಇಲ್ಲಿ ಬ್ರೇಕ್ ಹಾಕಿ ನಿಲ್ಲುವಂತಿಲ್ಲ.

ಸರದಿಗೊಂದು ಆಕಾರವಿದೆ, ಅದನ್ನು ಪ್ಯಾಟರ್ನ್ ಅನ್ನುತ್ತೇವೆ. ನೆಲದಿಂದ ಸಾಮಾನ್ಯವಾಗಿ ಸಾವಿರ ಅಡಿ ಎತ್ತರದಲ್ಲಿ, ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ಎದುರಾಗಿ ಹಾರುವುದು ಡೌನ್‌ವಿಂಡ್. ಅಲ್ಲಿಂದ ಎಡಕ್ಕೆ ತಿರುಗಿದರೆ ಬೇಸ್, ಮತ್ತೆ ಎಡಕ್ಕೆ ತಿರುಗಿದರೆ ರನ್‌ವೇ ನೇರಕ್ಕೆ ಫೈನಲ್. ಹೊರಗಿನಿಂದ ಬರುವವರು ಡೌನ್‌ವಿಂಡ್‌ನ ನಡುಭಾಗಕ್ಕೆ 45 ಡಿಗ್ರಿ ಕೋನದಲ್ಲಿ ಸೇರಿಕೊಳ್ಳುತ್ತಾರೆ. ಎಲ್ಲರೂ ಹೀಗೇ ಬಂದರೆ ಯಾರನ್ನು ಎಲ್ಲಿ ಹುಡುಕಬೇಕು ಎನ್ನುವುದು ಗೊತ್ತಿರುತ್ತದೆ. ಆದರೆ ದೂರದಿಂದಲೇ ರನ್‌ವೇಗೆ ಗುರಿಯಿಟ್ಟು ನೇರವಾಗಿ ಬರುವುದಕ್ಕೂ ಕಾನೂನಿನ ಅಡ್ಡಿಯಿಲ್ಲ. ನನ್ನ ತಲೆನೋವು ಶುರುವಾಗುವುದು ಅಲ್ಲಿಂದ.

2022ರ ಆಗಸ್ಟ್ 18ರಂದು ಮಾಂಟೆರೆ ಕೊಲ್ಲಿಯ ಪಕ್ಕದ ವಾಟ್ಸನ್‌ವಿಲ್‌ನಲ್ಲಿ ಎರಡು ಎಂಜಿನ್ನಿನ ಸೆಸ್ನಾ 340, ಪುಟಾಣಿ ಸೆಸ್ನಾ 152ಕ್ಕೆ ಬಡಿಯಿತು. ಮೂವರು ಸತ್ತರು. ಆಗ ಹಗಲು, ಎರಡೂ ವಿಮಾನಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಿದ್ದವು. ದೊಡ್ಡದು ಹತ್ತು ಮೈಲಿ ದೂರದಲ್ಲೇ ತಾನು ನೇರ ಬರುತ್ತಿರುವುದಾಗಿ ಹೇಳಿತ್ತು. ಆದರೆ ಅದರ ವೇಗ ಸುಮಾರು 180 ನಾಟ್, ಅಂದರೆ ನಿಮಿಷಕ್ಕೆ ಮೂರು ನಾಟಿಕಲ್ ಮೈಲಿ. ಹಿಂದಿರುವುದು ವೇಗವಾಗಿ ನುಗ್ಗುತ್ತಿದೆ ಎಂದು ಅರಿವಾದಾಗ 152ರ ಪೈಲಟ್ ಇಳಿಯುವುದನ್ನು ಕೈಬಿಟ್ಟು ಮೇಲೇರುವುದಾಗಿ ಹೇಳಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಆ ಘಟನೆಯ ಬಗ್ಗೆ ಓದಿದ ಮೇಲೆ ರೇಡಿಯೋದಲ್ಲಿ ಕೇಳುವ ಮೈಲಿಗಳನ್ನೆಲ್ಲ ನಿಮಿಷಕ್ಕೆ ಬದಲಾಯಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡೆ. ನನ್ನಂಥ ವಿಮಾನಕ್ಕೆ ಹತ್ತು ಮೈಲಿ ಎಂದರೆ ಆರೇಳು ನಿಮಿಷ, ಅಷ್ಟರಲ್ಲಿ ಪ್ಯಾಟರ್ನ್ ಮುಗಿಸಿ ಇಳಿದು ರನ್‌ವೇ ಬಿಡಬಹುದು. 180 ನಾಟ್‌ನವರಿಗೆ ಅದು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಯಾವ ವಿಮಾನ ಎಂದು ಹೇಳದೆ ಬರೀ ನೋಂದಣಿ ಸಂಖ್ಯೆ ಹೇಳಿದರೆ ನಾನೇ ಕೇಳುತ್ತೇನೆ: "ಯಾವ ವಿಮಾನ, ವೇಗ ಎಷ್ಟು?" ಕೆಲವರಿಗೆ ಇದು ಅಧಿಕಪ್ರಸಂಗ ಅನಿಸುತ್ತದೆ, ದನಿಯಲ್ಲೇ ಗೊತ್ತಾಗುತ್ತದೆ.

ಲೆಕ್ಕ ನಾಲ್ಕು ನಿಮಿಷಕ್ಕಿಂತ ಕಡಿಮೆ ಬಂದರೆ ನಾನು ಬೇಸ್‌ಗೆ ತಿರುಗುವುದಿಲ್ಲ. ಡೌನ್‌ವಿಂಡ್‌ನಲ್ಲೇ ಮುಂದುವರಿದು, ಆ ವಿಮಾನ ಕಣ್ಣೆದುರೇ ನನ್ನನ್ನು ದಾಟಿದ ಮೇಲೆ ಅದರ ಹಿಂದೆ ಸೇರಿಕೊಳ್ಳುತ್ತೇನೆ. ಅಲ್ಲಿಯವರೆಗೂ ಅದು ಕಾಣದಿದ್ದರೆ ಪ್ಯಾಟರ್ನ್‌ನಿಂದಲೇ ಹೊರಬೀಳುತ್ತೇನೆ. ಫೈನಲ್‌ನಲ್ಲಿ ಇರುವವರಿಗೇ ಮೊದಲ ಹಕ್ಕು, ಇಬ್ಬರಿದ್ದರೆ ಕೆಳಗಿರುವವರಿಗೆ ಎಂದು ನಿಯಮವಿದೆ. ಅದನ್ನು ವಾದಿಸುವುದಾದರೆ ಇಳಿದ ಮೇಲೆ, ಕಾಫಿ ಹಿಡಿದುಕೊಂಡು.

ಇನ್ನು ನೋಡುವುದು. ಕಣ್ಣಾಡಿಸಿದರೆ ಏನೂ ಕಾಣುವುದಿಲ್ಲ, ಓಡುತ್ತಿರುವ ಕಣ್ಣಿಗೆ ದೂರದ ಚುಕ್ಕೆ ಸಿಗದು. ಆಕಾಶವನ್ನು ಹತ್ತು ಡಿಗ್ರಿಯ ತುಂಡುಗಳಾಗಿ ಮಾಡಿಕೊಂಡು ಒಂದೊಂದರ ಮೇಲೂ ಸೆಕೆಂಡು ಹೊತ್ತು ನಿಲ್ಲಬೇಕು. ಬರೀ ನೀಲಿಯನ್ನೇ ದಿಟ್ಟಿಸಿದರೆ ಕಣ್ಣು ತಾನಾಗಿ ಕೆಲವೇ ಮೀಟರ್ ದೂರಕ್ಕೆ ಫೋಕಸ್ ಆಗಿಬಿಡುತ್ತದೆ. ಆದ್ದರಿಂದ ಮೊದಲು ದೂರದ ಬೆಟ್ಟಸಾಲನ್ನು ನೋಡಿ ಆಮೇಲೆ ಆಕಾಶ ನೋಡುತ್ತೇನೆ. ಕಿಟಕಿಯಲ್ಲಿ ಸರಿದು ಹೋಗುವ ವಿಮಾನದ ಬಗ್ಗೆ ಅಷ್ಟು ಚಿಂತೆಯಿಲ್ಲ. ಗಾಜಿನ ಮೇಲೆ ಒಂದೇ ಜಾಗದಲ್ಲಿದ್ದು ಸುಮ್ಮನೆ ದೊಡ್ಡದಾಗುತ್ತಿರುವುದೇ ನಿಮಗೆ ಬಡಿಯಲಿರುವುದು. ನೋಡಿ, ಗುರುತಿಸಿ, ನಿರ್ಧರಿಸಿ, ವಿಮಾನ ತಿರುಗುವಷ್ಟಕ್ಕೆ ಹನ್ನೆರಡೂವರೆ ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ ಹೇಳುತ್ತದೆ. ತಲಾ ನೂರು ನಾಟ್‌ನಲ್ಲಿ ಎದುರುಬದುರಾಗಿ ಬರುವ ಎರಡು ವಿಮಾನಗಳು ಅಷ್ಟರಲ್ಲಿ ಒಂದೂಕಾಲು ಕಿಲೋಮೀಟರ್‌ಗೂ ಹೆಚ್ಚು ಅಂತರವನ್ನು ನುಂಗಿರುತ್ತವೆ.

172ರ ರೆಕ್ಕೆ ನಮ್ಮ ತಲೆಯ ಮೇಲಿರುತ್ತದೆ. ಎಡಕ್ಕೆ ವಾಲಿದೊಡನೆ ಎಡರೆಕ್ಕೆ ಕೆಳಗಿಳಿದು, ಹೋಗಬೇಕಾದ ದಿಕ್ಕನ್ನೇ ಮುಚ್ಚುತ್ತದೆ. ಹಾಗಾಗಿ ತಿರುಗುವ ಮುನ್ನ ಆ ರೆಕ್ಕೆಯನ್ನು ಒಂದಿಷ್ಟು ಮೇಲೆತ್ತಿ ಫೈನಲ್‌ನ ಉದ್ದಕ್ಕೂ ನೋಡಿಕೊಳ್ಳುತ್ತೇನೆ. ರೆಕ್ಕೆ ಕೆಳಗಿರುವ ಪೈಪರ್ ವಿಮಾನದವರ ಕಥೆ ಉಲ್ಟಾ, ಅವರಿಗೆ ಕೆಳಗಿರುವುದು ಕಾಣದು. ಕೆಳಗೆ ಸೆಸ್ನಾ, ಮೇಲೆ ಪೈಪರ್, ಎರಡೂ ಒಂದೇ ಫೈನಲ್‌ನಲ್ಲಿ: ನಾನು ಅತ್ಯಂತ ಹೆದರುವ ಜೋಡಿ ಇದು.

ಐಪ್ಯಾಡ್‌ನಲ್ಲಿ ಸುತ್ತಲಿನ ವಿಮಾನಗಳು ಕಾಣುತ್ತವೆ, ವಿಮಾನ ತಾನು ಎಲ್ಲಿದೆ ಎಂದು ತಾನೇ ಬಿತ್ತರಿಸುವ ಎಡಿಎಸ್-ಬಿ ಸಾಧನದ ಕೃಪೆ. ಅಮೆರಿಕದ ದೊಡ್ಡ ನಿಲ್ದಾಣಗಳ ಸುತ್ತ 2020ರ ಜನವರಿಯಿಂದ ಅದು ಕಡ್ಡಾಯ. ಆದರೆ ಟವರ್ ಇಲ್ಲದ ಹಳ್ಳಿಯ ರನ್‌ವೇಗೆ ಅದೂ ಇಲ್ಲದೆ, ರೇಡಿಯೋ ಕೂಡ ಇಲ್ಲದೆ ಹಳೆಯ ಪೈಪರ್ ಕಬ್ ಬಂದರೂ ಅದು ಕಾನೂನುಬದ್ಧವೇ. ನಾನು ಪರದೆಯನ್ನು ಹತ್ತು ಮೈಲಿ ಆಚೆ ಇರುವಾಗ ನೋಡುತ್ತೇನೆ. ಪ್ಯಾಟರ್ನ್ ಸೇರಿದ ಮೇಲೆ ಅದಕ್ಕೆ ಕಣ್ಣು ಕೊಡುವುದಿಲ್ಲ, ಲ್ಯಾಂಡಿಂಗ್ ಲೈಟ್ ಮಾತ್ರ ಹೊತ್ತಿಸಿರುತ್ತೇನೆ.

ಪಕ್ಕದಲ್ಲಿ ಕೂತವರಿಗೂ ಕೆಲಸ ಕೊಡುತ್ತೇನೆ. ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಗಡಿಯಾರದ ಲೆಕ್ಕ ಹೇಳಿಕೊಟ್ಟಿದ್ದೆ: ಮೂತಿ ಹನ್ನೆರಡು ಗಂಟೆ, ಬಲರೆಕ್ಕೆ ಮೂರು. ಹೊರಡುವಾಗ ಜಪ ಮಾಡುತ್ತಿದ್ದವರು ಹತ್ತು ನಿಮಿಷಕ್ಕೆಲ್ಲ, "ಎರಡು ಗಂಟೆ ಕಡೆ ನೋಡೋ, ಒಂದು ಬರ್ತಿದೆ, ನಮಗಿಂತ ಕೆಳಗೆ" ಎಂದರು. ಪರದೆಯಲ್ಲಿ ಅದು ಇರಲಿಲ್ಲ.

ಪ್ಯಾಟರ್ನ್ ಬಿಡುವಾಗ ರನ್‌ವೇಯಿಂದ ದೂರಕ್ಕೆ, ಏರದೆ, ಅದೇ ಎತ್ತರದಲ್ಲಿ ಹೊರಗೆ ತಿರುಗುತ್ತೇನೆ. ಏರಿದರೆ ಮೇಲೆ ಯಾರಿದ್ದಾರೋ ಕಾಣದು. ಊರಿನ ಹೆಸರನ್ನು ಮಾತಿನ ಮೊದಲಿಗೂ ಕೊನೆಗೂ ಹೇಳುತ್ತೇನೆ, ಏಕೆಂದರೆ ಅದೇ ಫ್ರೀಕ್ವೆನ್ಸಿಯಲ್ಲಿ ಬೇರೆ ನಿಲ್ದಾಣದವರೂ ಇರುತ್ತಾರೆ. ಮೂರ್ನಾಲ್ಕು ಮೈಲಿ ಹೋಗಿ, ಉಸಿರು ಬಿಟ್ಟು, ಮತ್ತೆ 45 ಡಿಗ್ರಿಯಲ್ಲಿ ಬಂದು ಸೇರುತ್ತೇನೆ. ಬಾಡಿಗೆ ಮೀಟರ್‌ನಲ್ಲಿ ಇದಕ್ಕೆ ಐದಾರು ನಿಮಿಷ ಹೆಚ್ಚಿಗೆ ಬೀಳುತ್ತದೆ. ಅದನ್ನು ಹೊರಡುವ ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತೇನೆ, ಇಂಧನದ ಲೆಕ್ಕಕ್ಕೂ.